ವಿದ್ಯಾರ್ಥಿಯೂ ಪ್ರಹಸನವೂ

ಕಾವ್ಯವನ್ನು ವಿವರಿಸಿದರೆ ಅದರ ಸೊಗಸು ಹೆಚ್ಚುವುದುಂಟು. ಶಾಸ್ತ್ರವನ್ನು ವಿವರಿಸಿದರೆ ಅದರ ಅರ್ಥ ತಿಳಿಯಾಗುವುದುಂಟು. ಆದರೆ ನಗೆಯ ಮಾತೊಂದನ್ನು ವಿವರಿಸಹೊರಟರೆ ಆ ನಗೆಯೇ ಹಾರಿಹೋಗುವುದು ಎಲ್ಲರಿಗೂ ಅನುಭವವಿರುವ ಸಂಗತಿ. ಹೀಗಿರುವಲ್ಲಿ ನಗೆಯನ್ನೇ ಜೀವಾಳವಾಗಿ ಉಳ್ಳ ನಾಟಕವೊಂದನ್ನು ತರಗತಿಯಲ್ಲಿ ಪಾಠ ಹೇಳುವುದು ಹೇಗೆ? ಎದುರಿಗೆ ಕುಳಿತ ವಿದ್ಯಾರ್ಥಿಯು ಅದನ್ನು ಅಭ್ಯಾಸ ಮಾಡುವುದು ಹೇಗೆ? ಮೂರು ದಶಕಗಳಿಗೆ ಸಮೀಪವಾಗಿ ಕನ್ನಡ ಪಂಡಿತನಾಗಿ ಮಕ್ಕಳ ನಡುವೆ ಕಾಲ ಕಳೆದ ನನಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ. ಶಾಲೆಯ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆಯಬೇಕೆಂದು ಅಪ್ಪಣೆಯಾದಾಗ ಇದನ್ನೇ ಕುರಿತು ನಾಲ್ಕು ಮಾತುಗಳನ್ನು ಬರೆಯುವುದು ಉಚಿತವೆಂದು ತೋರಿತು.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಂದ ಬಂದು ನಮ್ಮ ಪ್ರಸಾದ ನಿಲಯದಲ್ಲಿ ಇದ್ದುಕೊಂಡು ಓದುವ ಮಕ್ಕಳು ನಾಟಕವನ್ನು ಅರಿಯದವರೇನೂ ಅಲ್ಲ. ಜಾತ್ರೆಯ ಇರುಳಿನಲ್ಲಿ ತಾಯಿಯ ಮಡಿಲಲ್ಲಿ ನಿದ್ದೆಗಣ್ಣಿನಿಂದಲೇ ಅವರು ಬಯಲಾಟವನ್ನು ಕಂಡಿದ್ದಾರೆ. ಊರಿನ ತರುಣರು ಪೇಟಿ ಮಾಸ್ತರನನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ನಡೆಸಿ ಆಡಿದ ಸಾಮಾಜಿಕ ನಾಟಕಗಳನ್ನು ನೋಡಿ ಬಿದ್ದು ಬಿದ್ದು ನಕ್ಕಿದ್ದಾರೆ. ಆದರೂ ಅಚ್ಚಾದ ಪುಸ್ತಕದಲ್ಲಿ, ಪ್ರಶ್ನೋತ್ತರಗಳ ಸಹಿತವಾಗಿ ನಗೆನಾಟಕವು ಮೊಟ್ಟಮೊದಲು ಕೈಗೆ ಬಂದಾಗ ಅದೇ ಮಕ್ಕಳು ಮುಖ ಬಿಗಿದುಕೊಂಡು ಕೂಡುತ್ತಾರೆ. ಬಯಲಿನಲ್ಲಿ ನಕ್ಕವರು ಪುಸ್ತಕದ ಮುಂದೆ ಏಕೆ ನಗಲಾರರು? ಈ ಲೇಖನದ ವಿಚಾರ ಇಷ್ಟೇ.

ಹಾಸ್ಯದ ಲಕ್ಷಣ

ಮೊದಲು ಶಾಸ್ತ್ರವು ಏನು ಹೇಳುತ್ತದೆಂಬುದನ್ನು ಸಂಕ್ಷೇಪವಾಗಿ ನೋಡೋಣ. ಭರತಮುನಿಯ ನಾಟ್ಯಶಾಸ್ತ್ರವು ಹತ್ತು ಬಗೆಯ ರೂಪಕಗಳನ್ನು ಹೇಳುವಾಗ ಅವುಗಳಲ್ಲಿ ಪ್ರಹಸನವನ್ನೂ ಒಂದಾಗಿ ಎಣಿಸಿದೆ. ಅದರಲ್ಲಿ ಶುದ್ಧ, ಸಂಕೀರ್ಣವೆಂದು ಎರಡು ಭೇದಗಳನ್ನು ಮಾಡಿದೆ. ಹಾಸ್ಯರಸಕ್ಕೆ ಹಾಸವೇ ಸ್ಥಾಯಿಭಾವ. ಬಿಳುಪು ಅದರ ವರ್ಣ. ಪ್ರಮಥರು ಅದರ ಅಧಿದೇವತೆಗಳು. ಪ್ರಮಥಗಣಗಳ ಹೆಸರನ್ನು ದಿನವೂ ಕೇಳುವ ನಮ್ಮ ಮಕ್ಕಳಿಗೆ ಈ ಮಾತನ್ನು ಹೇಳಿದಾಗ ಅವರ ಮುಖ ಅರಳುವುದನ್ನು ನಾನು ಕಂಡಿದ್ದೇನೆ. ನಗೆಯು ಹಗುರವಾದ ವಸ್ತುವಲ್ಲ, ಅದಕ್ಕೂ ಒಂದು ಪೀಠವುಂಟು ಎಂಬ ಭಾವನೆ ಆಗ ಅವರಲ್ಲಿ ಮೂಡುತ್ತದೆ.

ವಿಕಾರವಾದ ವೇಷ, ಆಕಾರ, ಚೇಷ್ಟೆ, ಮಾತು ಮೊದಲಾದವುಗಳಿಂದ ಹಾಸ್ಯವು ಹುಟ್ಟುತ್ತದೆಂದು ಶಾಸ್ತ್ರದ ಮತ. ತಾನೇ ನಗುವುದು ಆತ್ಮಸ್ಥ. ಪರರನ್ನು ನಗಿಸುವುದು ಪರಸ್ಥ. ಇಷ್ಟಕ್ಕೆ ನಿಲ್ಲದೆ ಭರತನು ನಗೆಯನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾನೆ. ಕೆನ್ನೆ ತುಸುವೇ ಅರಳಿ ಹಲ್ಲು ಕಾಣದಿರುವುದು ಸ್ಮಿತ. ಹಲ್ಲು ಕೊಂಚ ಕಾಣುವುದು ಹಸಿತ. ಇವೆರಡೂ ಉತ್ತಮ ಪ್ರಕೃತಿಯವರವು. ಮೆಲುದನಿಯೊಡನೆ ಕೂಡಿದ ವಿಹಸಿತವೂ, ಮೂಗು ಅರಳಿ ತಲೆ ಭುಜಗಳು ಬಾಗುವ ಉಪಹಸಿತವೂ ಮಧ್ಯಮರವು. ಹೊತ್ತಲ್ಲದ ಹೊತ್ತಿನಲ್ಲಿ ಕಣ್ಣೀರು ಬರುವಂತೆ ನಗುವ ಅಪಹಸಿತವೂ, ಪಕ್ಕೆಗಳನ್ನು ಹಿಡಿದುಕೊಂಡು ಅಬ್ಬರಿಸಿ ನಗುವ ಅತಿಹಸಿತವೂ ಅಧಮರವು. ಈ ವಿಂಗಡಣೆಯನ್ನು ಕಂಠಪಾಠ ಮಾಡುವುದು ಸುಲಭ. ಆದರೆ ಅದರ ತಿರುಳನ್ನು ತಿಳಿಯಬೇಕಾದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇಲ್ಲಿ ಅಳೆಯಲ್ಪಟ್ಟಿರುವುದು ನಗೆಗೆ ಗುರಿಯಾದವನ ಯೋಗ್ಯತೆಯಲ್ಲ, ನಗುವವನ ಯೋಗ್ಯತೆ. ನಾವು ಹೇಗೆ ನಗುತ್ತೇವೆ ಎಂಬುದರಿಂದ ನಾವು ಯಾರೆಂಬುದು ಗೊತ್ತಾಗುತ್ತದೆ.

ಮಾತಿನ ವಿಕಾರದಿಂದ ನಗೆ ಹುಟ್ಟುತ್ತದೆಂಬ ಲಕ್ಷಣವನ್ನು ಹೇಳುವಾಗ ಇನ್ನೊಂದು ಎಚ್ಚರಿಕೆಯೂ ಬೇಕು. ಯಾವ ಮಾತು ವಿಕಾರ? ಸಂಸ್ಕೃತ ನಾಟಕಗಳಲ್ಲಿ ರಾಜನು ಸಂಸ್ಕೃತವನ್ನಾಡಿದರೆ ವಿದೂಷಕನು ಬ್ರಾಹ್ಮಣನಾದರೂ ಪ್ರಾಕೃತವನ್ನೇ ಆಡುತ್ತಾನೆ. ಶೂದ್ರಕನ ಮೃಚ್ಛಕಟಿಕದಲ್ಲಿ ಪ್ರಾಕೃತದ ಹಲವು ಬಗೆಗಳು ಬರುತ್ತವೆ. ಅಲ್ಲಿನ ಶಕಾರನನ್ನು ಕಂಡು ಎಲ್ಲರೂ ನಗುತ್ತಾರೆ. ಚಾರುದತ್ತನ ಗೆಳೆಯ ಮೈತ್ರೇಯನನ್ನು ಕಂಡೂ ನಗುತ್ತಾರೆ. ಇಬ್ಬರೂ ಆಡುವುದು ಪ್ರಾಕೃತವನ್ನೇ. ಆದರೆ ಶಕಾರನ ವಿಷಯದಲ್ಲಿ ನಗೆಗೆ ಮುಖ್ಯ ಕಾರಣ ಅವನ ಉಚ್ಚಾರಣೆಯಲ್ಲ. ಅರಿಯದ ಪುರಾಣಗಳನ್ನು ಅರಿತವನಂತೆ ಒಂದರೊಳಗೊಂದು ಬೆರೆಸಿ ಬಡಬಡಿಸುವ ಅವನ ಜಂಬ, ಅಧಿಕಾರದ ಬಲದಿಂದ ಬಂದ ಅವನ ದುಷ್ಟತನ. ಮೈತ್ರೇಯನ ವಿಷಯದಲ್ಲಾದರೋ ನಗೆಯೊಡನೆ ಪ್ರೀತಿಯೂ ಬೆರೆತಿರುತ್ತದೆ. ಬಡತನ ಬಂದಾಗಲೂ ಗೆಳೆಯನ ಕೈಬಿಡದವನು ಅವನು. ಆದುದರಿಂದ ಒಳ್ಳೆಯ ನಾಟಕಕಾರನು ಮಾತಿನ ರೂಪವನ್ನು ಕಂಡು ನಗಿಸುವುದಕ್ಕಿಂತ ಮಾತಿನ ಹಿಂದಿರುವ ಮನಸ್ಸನ್ನು ಕಂಡು ನಗಿಸುತ್ತಾನೆ ಎಂದು ಹೇಳಿದರೆ ತಪ್ಪಾಗಲಾರದು.

ಕನ್ನಡದಲ್ಲಿ ನಗೆನಾಟಕ

ನಮ್ಮ ಹಳೆಯ ಸಾಹಿತ್ಯದಲ್ಲಿ ಚಂಪೂಕಾವ್ಯ, ವಚನ, ರಗಳೆ, ಷಟ್ಪದಿಗಳ ಸಂಪತ್ತು ವಿಪುಲವಾಗಿದ್ದರೂ ನಾಟಕ ಗ್ರಂಥಗಳು ವಿರಳ. ಮೈಸೂರಿನ ಚಿಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಶ್ರೀಹರ್ಷನ ರತ್ನಾವಳಿಯನ್ನು ಅನುಸರಿಸಿ ಬರೆದ ಮಿತ್ರವಿಂದಾ ಗೋವಿಂದವೇ ನಮಗೆ ಉಳಿದು ಬಂದಿರುವ ಮೊದಲ ಕನ್ನಡ ನಾಟಕವೆಂದು ವಿದ್ವಾಂಸರು ಹೇಳುತ್ತಾರೆ. ಗ್ರಂಥಸ್ಥ ನಾಟಕಗಳು ಕಡಿಮೆಯಾದುವೆಂದ ಮಾತ್ರಕ್ಕೆ ಜನರಲ್ಲಿ ನಾಟಕವಿರಲಿಲ್ಲವೆಂದು ಭಾವಿಸಕೂಡದು. ನಮ್ಮ ಉತ್ತರ ಸೀಮೆಯ ದೊಡ್ಡಾಟದಲ್ಲಿ ಸಾರಥಿಯು ರಾಜನನ್ನೇ ಅಡ್ಡಪ್ರಶ್ನೆ ಕೇಳಿ ಜನರನ್ನು ನಗಿಸುವನು. ಶ್ರೀಕೃಷ್ಣ ಪಾರಿಜಾತದಲ್ಲಿ ಭಗವಂತನೇ ಕೊರವಂಜಿಯ ವೇಷ ತೊಟ್ಟು ಬರುವನು. ಬರೆಹಕ್ಕೆ ಇಳಿಯದೆ ಬಾಯಿಂದ ಬಾಯಿಗೆ ಬಂದ ನಗೆಯ ಪರಂಪರೆ ಇದು.

ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸಗಾಳಿ ಬೀಸಿತು. ಮುಂಬಯಿ ಪ್ರಾಂತದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರು 1871ರಲ್ಲಿ ಷೇಕ್ಸ್‌ಪಿಯರನ ನಗೆನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಇಬ್ಬಿಬ್ಬರು ಅವಳಿಗಳು ಒಬ್ಬರಿಗೊಬ್ಬರು ತಪ್ಪಿ ತಿಳಿಯಲ್ಪಟ್ಟು ನಡೆಯುವ ಅವಾಂತರ ಅದರ ವಸ್ತು. ಅದನ್ನು ಷೇಕ್ಸ್‌ಪಿಯರನೂ ಪ್ರಾಚೀನ ರೋಮಿನ ಪ್ಲಾಟಸನಿಂದ ಪಡೆದುಕೊಂಡವನು. ರೋಮಿನಲ್ಲಿ ಹುಟ್ಟಿದ ನಗೆ ಲಂಡನ್ನಿನ ಮಾರ್ಗವಾಗಿ ನಮ್ಮ ಕನ್ನಡಕ್ಕೆ ಬಂದಿತು. ಶಾಲೆಗಳನ್ನು ಕಟ್ಟುವ ಕಾರ್ಯದಲ್ಲಿದ್ದ ಗಂಭೀರ ಶಿಕ್ಷಣಾಧಿಕಾರಿಯೊಬ್ಬರು ಕನ್ನಡಿಗರಿಗೆ ಬೇಕೆಂದು ಆರಿಸಿಕೊಂಡದ್ದು ನಗೆಯ ಗ್ರಂಥವನ್ನು ಎಂಬುದನ್ನು ನಮ್ಮಂಥ ಶಾಲೆಯವರು ವಿಶೇಷವಾಗಿ ನೆನೆಯತಕ್ಕದ್ದು.

ಇದಾದ ಮೇಲೆ 1887ರಲ್ಲಿ ಉತ್ತರ ಕನ್ನಡದ ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ ಹೊರಬಂದಿತು. ಕನ್ಯಾವಿಕ್ರಯವೆಂಬ ಅನಿಷ್ಟವನ್ನು ಅದು ನಗೆಯ ಮೂಲಕ ಖಂಡಿಸಿತು. ಅದರ ಹಿರಿಮೆಯಿರುವುದು ಇನ್ನೊಂದು ಕಡೆಯಲ್ಲಿಯೂ ಉಂಟು. ಶಾಸ್ತ್ರಿಗಳು ವಿದ್ವಾಂಸರಾಗಿದ್ದರೂ ಪಾತ್ರಗಳ ಬಾಯಲ್ಲಿ ಗ್ರಾಂಥಿಕ ಭಾಷೆಯನ್ನಿಡದೆ ಹವ್ಯಕರ ಮನೆಮಾತನ್ನೇ ಇಟ್ಟರು. ಮನೆಯ ತಪ್ಪನ್ನು ತಿದ್ದಬೇಕಾದರೆ ಮನೆಯ ಮಾತಿನಲ್ಲಿಯೇ ಹೇಳಬೇಕೆಂಬ ತತ್ತ್ವವನ್ನು ಅವರು ಅಂದೇ ಕಂಡುಕೊಂಡಿದ್ದರು.

‘ಟೊಳ್ಳುಗಟ್ಟಿ’ಯ ವಿಚಾರ

ಈ ತತ್ತ್ವವನ್ನು ರಂಗದ ಮೇಲೆ ಪ್ರತಿಷ್ಠಾಪಿಸಿದವರು ಟಿ. ಪಿ. ಕೈಲಾಸಂ. ತಂದೆ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು. ಮಗನು ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರವನ್ನು ಓದಿ ಬಂದವರು. ಮನೆಯ ಮಾತು ತಮಿಳು. ಅವರಿಗೆ ಕನ್ನಡವು ದಕ್ಕಿದ್ದು ವ್ಯಾಕರಣ ಗ್ರಂಥಗಳಿಂದ ಎನ್ನುವುದಕ್ಕಿಂತ ಬೀದಿ, ಜಗಲಿ, ಅಡುಗೆಮನೆಗಳಿಗೆ ಕಿವಿಗೊಟ್ಟುದರಿಂದ ಎನ್ನಬಹುದು. ತಮ್ಮ ಅನೇಕ ನಾಟಕಗಳನ್ನು ಅವರು ಬಾಯಿಂದ ಹೇಳಿದರು, ಸ್ನೇಹಿತರು ಬರೆದುಕೊಂಡರು. ರಾಜಮಹಾರಾಜರ, ದೇವದಾನವರ ಕಥೆಗಳೂ ರಾಗ ತಾಳಗಳೂ ತುಂಬಿದ್ದ ಅಂದಿನ ಕಂಪನಿ ನಾಟಕಗಳ ಕಾಲದಲ್ಲಿ ಬೆಂಗಳೂರಿನ ಮಧ್ಯಮ ವರ್ಗದ ಮನೆಯ ನಡುಮನೆಯನ್ನೇ ರಂಗಕ್ಕೆ ತಂದರು. ಕನ್ನಡಿಗರು ಅವರನ್ನು ಪ್ರಹಸನ ಪ್ರಪಿತಾಮಹರೆಂದು ಕರೆದರು; 1945ರಲ್ಲಿ ಮದರಾಸಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿ ಗೌರವಿಸಿದರು. ಮರುವರ್ಷವೇ, 1946ರಲ್ಲಿ, ಅವರು ಕಾಲವಶರಾದರು.

ಅವರ ಆರಂಭದ ನಾಟಕಗಳಲ್ಲಿ ‘ಟೊಳ್ಳುಗಟ್ಟಿ’ ಪ್ರಸಿದ್ಧವಾದುದು. ಹಿರಿಯಣ್ಣಯ್ಯನೆಂಬ ಗೃಹಸ್ಥನಿಗೆ ಇಬ್ಬರು ಮಕ್ಕಳು. ಪುಟ್ಟು ಪುಸ್ತಕವನ್ನು ಬಿಟ್ಟು ಬೇರೇನನ್ನೂ ಅರಿಯನು, ಪರೀಕ್ಷೆಗಳಲ್ಲಿ ಮುಂದು. ಮಾಧು ಪರೀಕ್ಷೆಗಳಲ್ಲಿ ಹಿಂದು, ಆದರೆ ಮನೆಯವರ ಕಷ್ಟಕ್ಕೆ ಆಗುವವನು. ತಂದೆಯ ಕಣ್ಣಿಗೆ ಪುಟ್ಟುವೇ ಗಟ್ಟಿ, ಮಾಧು ಟೊಳ್ಳು. ಮನೆಗೆ ಆಪತ್ತು ಬಂದೊದಗಿದಾಗ ಮಾತ್ರವೇ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಬಯಲಾಗುತ್ತದೆ. ಉದ್ದಕ್ಕೂ ನಗಿಸುತ್ತ ಹೋಗುವ ನಾಟಕವು ಕೊನೆಗೆ ನಗೆಯನ್ನು ಗಂಟಲಲ್ಲೇ ನಿಲ್ಲಿಸುತ್ತದೆ. ವಿದ್ಯೆಯೆಂದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದೇ, ಇಲ್ಲವೆ ಮನುಷ್ಯನಾಗುವುದೇ ಎಂಬುದು ಅದರ ಪ್ರಶ್ನೆ.

ಇಲ್ಲಿ ನನ್ನ ಸ್ವಂತದ ಒಂದು ಮಾತನ್ನು ಒಪ್ಪಿಕೊಳ್ಳುವುದು ಧರ್ಮ. ನಾನು ವಿದ್ಯಾರ್ಥಿಯಾಗಿದ್ದಾಗ ಈ ನಾಟಕವನ್ನು ಮೊದಲ ಸಲ ಓದಿದ್ದು ಪರೀಕ್ಷೆಗಾಗಿ. ಪುಟ್ಟುವಿನ ಪಾತ್ರಚಿತ್ರಣ, ಮಾಧುವಿನ ಪಾತ್ರಚಿತ್ರಣ, ನಾಟಕದ ಹೆಸರಿನ ಔಚಿತ್ಯ, ಹೀಗೆ ಹಿಂದಿನ ವರ್ಷದವರ ಟಿಪ್ಪಣಿಗಳನ್ನು ತಂದು ಬಾಯಿಪಾಠ ಮಾಡಿದೆ. ‘ಇದು ಶ್ರೇಷ್ಠವಾದ ಹಾಸ್ಯ ನಾಟಕ’ ಎಂದು ಬರೆದು ಒಳ್ಳೆಯ ಅಂಕಗಳನ್ನು ಪಡೆದೆ. ಒಮ್ಮೆಯೂ ನಗಲಿಲ್ಲ. ಬಾಯಿಪಾಠದ ವಿದ್ಯೆಯನ್ನು ನಗೆಗೆ ಈಡುಮಾಡಿದ ನಾಟಕವನ್ನೇ ಬಾಯಿಪಾಠ ಮಾಡಿ ತೇರ್ಗಡೆಯಾಗಿದ್ದೆನೆಂಬುದು ಹೊಳೆಯಲು ನನಗೆ ಎಷ್ಟೋ ವರ್ಷಗಳು ಬೇಕಾದವು. ಪುಟ್ಟು ಯಾರೆಂದು ಪುಸ್ತಕದಲ್ಲಿ ಹುಡುಕುತ್ತಿದ್ದವನಿಗೆ ಬೆಂಚಿನ ಮೇಲೆ ಕುಳಿತಿದ್ದ ಪುಟ್ಟು ಕಾಣಲಿಲ್ಲ.

ನಮ್ಮ ಸೀಮೆಯ ತೊಡಕು

ನಮ್ಮ ಮಕ್ಕಳು ಈ ನಾಟಕದ ಮುಂದೆ ನಗದಿರುವುದಕ್ಕೆ ಪರೀಕ್ಷೆಯ ಭಯವೊಂದೇ ಕಾರಣವಲ್ಲ, ಭಾಷೆಯೂ ಕಾರಣ. ಕೈಲಾಸಂ ಅವರ ಪಾತ್ರಗಳು ಆಡುವುದು ಬೆಂಗಳೂರಿನ ಮನೆಮಾತು. ಪದಗಳು ಒಂದರ ಮೇಲೊಂದು ಬಿದ್ದು ಸಂಧಿಯಾಗುತ್ತವೆ. ನಡುನಡುವೆ ಇಂಗ್ಲಿಷು ನುಸುಳುತ್ತದೆ. ಅದನ್ನು ಕೇಳಿ ಬೆಳೆದವನಿಗೆ ಅದು ಸಹಜ. ‘ಏನ್ ಮಾಡ್ಲತ್ತಿ’, ‘ಎಲ್ಲಿಗಿ ಹೊಂಟೀದಿ’ ಎಂದು ಆಡುವ ಭೀಮಾತೀರದ ಬಾಲಕನಿಗೆ ಅದು ಪರದೇಶದ ಮಾತಿನಂತೆ ತೋರುತ್ತದೆ. ಅರ್ಥವಾಗದ ಕಡೆ ನಗೆ ಹುಟ್ಟುವುದೆಂತು?

ಕೆಲವು ವರ್ಷಗಳ ಹಿಂದೆ ನಡೆದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ಪ್ರೌಢಶಾಲೆಯ ತರಗತಿಯೊಂದರಲ್ಲಿ ಈ ನಾಟಕದ ಪಾತ್ರಗಳನ್ನು ಮಕ್ಕಳಿಗೆ ಹಂಚಿ ಗಟ್ಟಿಯಾಗಿ ಓದಿಸುತ್ತಿದ್ದೆ. ಮಾಧುವಿನ ಪಾತ್ರ ಜೇವರ್ಗಿ ತಾಲ್ಲೂಕಿನ ಹಳ್ಳಿಯಿಂದ ಬಂದ ಬಾಲಕನೊಬ್ಬನ ಪಾಲಿಗೆ ಬಂದಿತು. ಓದುತ್ತ ಓದುತ್ತ ಅಚ್ಚಿನ ರೂಪಗಳು ಅವನ ನಾಲಗೆಯ ಮೇಲೆ ನಿಲ್ಲದೆ ಅವನ ಊರಿನ ರೂಪಗಳಾಗಿ ಹೊರಬಿದ್ದವು. ಪಟ್ಟಣದಲ್ಲಿ ಬೆಳೆದ ಒಂದಿಬ್ಬರು ಮೊದಲು ನಕ್ಕರು. ಅವರನ್ನು ನೋಡಿ ಉಳಿದವರೂ ನಕ್ಕರು. ಆ ಉಳಿದವರಲ್ಲಿ ಬಹುಮಂದಿ ಅವನದೇ ಮಾತನ್ನಾಡುವವರು! ಇದಕ್ಕಿಂತ ಖೇದಕರವಾದುದೆಂದರೆ ತರಗತಿಗೆ ಇಷ್ಟಾದರೂ ನಗೆ ಬಂದಿತಲ್ಲಾ ಎಂಬ ಸಮಾಧಾನದಿಂದ ನಾನೂ ನಸುನಕ್ಕೆನು. ಬಾಲಕನು ಪುಸ್ತಕ ಮುಚ್ಚಿ ಕುಳಿತುಬಿಟ್ಟನು.

ಅಂದು ರಾತ್ರಿ ಅವನು ಪ್ರಸಾದಕ್ಕೆ ಬರಲಿಲ್ಲವೆಂದು ಮಕ್ಕಳು ಹೇಳಿದರು. ಮರುದಿನ ಕರೆದು, “ಯಾಕೋ ತಮ್ಮಾ, ಏನಾತು?” ಎಂದು ಕೇಳಿದೆ. “ನಾ ಇನ್ನ ಓದಲ್ರಿ ಸರ್. ಊರಿಗಿ ಹೋಗ್ತೀನ್ರಿ. ತೊಗರಿ ರಾಶಿ ಅದ, ಅಪ್ಪಗ ಮಂದಿ ಇಲ್ಲ” ಎಂದನು. ತೊಗರಿಯ ರಾಶಿಗೆ ಹೋದ ಮಕ್ಕಳಲ್ಲಿ ಎಲ್ಲರೂ ಮರಳಿ ಶಾಲೆಗೆ ಬರುವುದಿಲ್ಲವೆಂಬುದು ನಮ್ಮ ಭಾಗದ ಶಿಕ್ಷಕರೆಲ್ಲರೂ ಬಲ್ಲ ಸತ್ಯ. ಆರು ಬಗೆಯ ನಗೆಯನ್ನು ಕರಿಹಲಗೆಯ ಮೇಲೆ ಬರೆದು ಲಕ್ಷಣ ಹೇಳಿದ್ದ ಪಂಡಿತನು ತನ್ನ ತರಗತಿಯಲ್ಲಿ ನಡೆದ ಅಪಹಸಿತವನ್ನು ಗುರುತಿಸಲಾರದೆ ಹೋದನಲ್ಲಾ ಎಂದು ನನಗೆ ನಾಚಿಕೆಯಾಯಿತು. ‘ನಿನ್ನ ತಪ್ಪಿಲ್ಲ ತಮ್ಮಾ, ನಾನೇ ನಗಬಾರದಿತ್ತು’ ಎಂದೆ. ಎರಡು ದಿನ ತಾಳೆಂದು ಅವನನ್ನು ಒಪ್ಪಿಸಿದೆ.

ಮುಂದಿನ ತರಗತಿಯಲ್ಲಿ ‘ಟೊಳ್ಳುಗಟ್ಟಿ’ಯನ್ನು ಬದಿಗಿರಿಸಿ ಕವಿರಾಜಮಾರ್ಗದ ಒಂದು ವಿಚಾರವನ್ನೆತ್ತಿಕೊಂಡೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ನಮ್ಮ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿಯೇ ಇದೆ. ಅಲ್ಲಿನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ರಚಿತವಾದ ಆ ಗ್ರಂಥವು ಕನ್ನಡದ ದೇಸಿ ಬಗೆಗಳು ಎಷ್ಟೊಂದು ಬೇರೆಬೇರೆಯೆಂದರೆ ಸಾವಿರ ನಾಲಗೆಯ ವಾಸುಕಿಯೂ ಅವೆಲ್ಲವನ್ನು ಅರಿಯಲಾರದೆ ಬೇಸರಗೊಳ್ಳುವನೆಂದು ಹೇಳುತ್ತದೆ. ಅಂದಮೇಲೆ ಒಂದೇ ನಾಲಗೆಯ ನಾವು ಇನ್ನೊಬ್ಬರ ಕನ್ನಡವನ್ನು ಕೇಳಿ ನಗುವುದು ಎಲ್ಲಿಯ ಜಾಣತನ? ನಮ್ಮ ಶರಣರೂ ಮಹಾನುಭಾವವನ್ನು ಹೇಳಲು ಜನರಾಡುವ ಮಾತನ್ನೇ ಆರಿಸಿಕೊಂಡರಲ್ಲವೆ?

ಬಳಿಕ ಇನ್ನೊಂದು ಸಂಗತಿಯನ್ನು ಮಕ್ಕಳ ಮುಂದಿಟ್ಟೆ. ಕೈಲಾಸಂ ಅವರ ಪಾತ್ರಗಳು ಇಂಗ್ಲಿಷು ಬೆರೆಸಿ ಮಾತನಾಡುವುದೇಕೆ? ಅಂದು ಕಚೇರಿ, ಕೋರ್ಟು, ಕಾಲೇಜುಗಳಲ್ಲಿ ಆ ಭಾಷೆ ಮೆರೆಯುತ್ತಿದ್ದುದರಿಂದ ಅದು ಅಡುಗೆಮನೆಯವರೆಗೂ ಬಂದಿತು. ನಮ್ಮಲ್ಲಿಯಾದರೋ 1948ರವರೆಗೆ ಹೈದರಾಬಾದು ಸಂಸ್ಥಾನದ ಆಳ್ವಿಕೆ. ಕಚೇರಿಯ ಭಾಷೆ ಉರ್ದು. ಮೇಲಿನ ತರಗತಿಗಳ ಬೋಧನೆಯೂ ಉರ್ದುವಿನಲ್ಲಿ. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಅಂದು ಅದೇ. ಆ ಕಾರಣದಿಂದಲೇ ಇಂದಿಗೂ ನಮ್ಮ ಅವ್ವಂದಿರು ದವಾಖಾನಿಗೆ ಹೋಗುತ್ತಾರೆ, ಜಲ್ದಿ ಬರುತ್ತಾರೆ. ಆಳಂದದ ಕಡೆಯವರಿಗೆ ಅಕ್ಕಲಕೋಟ, ಸೋಲಾಪುರಗಳ ವ್ಯವಹಾರದಿಂದ ಮರಾಠಿಯೂ ಸೇರಿಕೊಂಡಿದೆ. ಬೆಂಗಳೂರಿನವನು ಪರೀಕ್ಷೆಯಲ್ಲಿ ಫೇಲಾದರೆ ನಮ್ಮವನು ನಾಪಾಸಾಗುತ್ತಾನೆ. ಫೇಲು, ನಾಪಾಸು ಎರಡೂ ಹೊರಗಿನಿಂದ ಬಂದ ಮಾತುಗಳೇ. ಎರಡೂ ನಮ್ಮ ಮನೆಗಳಲ್ಲಿ ನೆಲೆ ನಿಂತು ಎಷ್ಟೋ ಕಾಲವಾಯಿತು. ಹಾಗಾದರೆ ಹಿರಿಯಣ್ಣಯ್ಯನ ಮನೆ ನಮ್ಮ ಮನೆಗಿಂತ ಬೇರೆಯೇ? ಈ ಪ್ರಶ್ನೆಯನ್ನು ಕೇಳಿದಾಗ ತರಗತಿಯಲ್ಲಿ ಮೊದಲ ಬಾರಿಗೆ ತಲೆಗಳು ಮೇಲೆದ್ದವು.

ಫ್ರಾನ್ಸಿನ ಮೋಲಿಯೇರನು 1670ರ ಪ್ರಹಸನವೊಂದರಲ್ಲಿ ದೊಡ್ಡ ಮನುಷ್ಯನಾಗಬಯಸಿದ ವರ್ತಕನೊಬ್ಬನನ್ನು ಚಿತ್ರಿಸಿದ್ದಾನೆ. ಪದ್ಯವಲ್ಲದ ಮಾತೆಲ್ಲವೂ ಗದ್ಯವೆಂದು ಗುರುವಿನಿಂದ ಕೇಳಿ ಆ ವರ್ತಕನು ನಲವತ್ತು ವರ್ಷಗಳಿಂದ ತನಗರಿವಿಲ್ಲದೆ ಗದ್ಯವನ್ನೇ ಆಡುತ್ತಿದ್ದೆನೆಂದು ಬೆರಗಾಗುತ್ತಾನೆ. ನಾವು ಅವನನ್ನು ಕಂಡು ನಗುತ್ತೇವೆ, ನಿಜ. ಆದರೆ ತನ್ನ ದಿನದ ಮಾತಿಗೂ ಶಾಸ್ತ್ರದಲ್ಲಿ ಒಂದು ಹೆಸರಿದೆಯೆಂದು ತಿಳಿದಾಗಿನ ಅವನ ಬೆರಗು, ಹಳ್ಳಿಯ ವಿದ್ಯಾರ್ಥಿಯ ಪಾಲಿಗೆ ನಗೆಯ ವಿಷಯವಲ್ಲ; ಅವನ ವಿದ್ಯೆಯ ಬಾಗಿಲೇ ಅದು.

ತಾಲೀಮು

ಇದಾದ ಮೇಲೆ ಮಕ್ಕಳಿಗೆ ಒಂದು ಕೆಲಸ ಹೇಳಿದೆ. ಮಗನು ಪರೀಕ್ಷೆಯಲ್ಲಿ ನಪಾಸಾಗಿ ಮನೆಗೆ ಬಂದಿದ್ದಾನೆ; ತಂದೆ ಏನೆನ್ನುವನು? ಪುಸ್ತಕವನ್ನು ನೋಡದೆ ತಮ್ಮ ತಮ್ಮ ಊರಿನ ಮಾತಿನಲ್ಲಿ ಆಡಿ ತೋರಿಸಬೇಕು. ಆಳಂದದ ಹುಡುಗನೊಬ್ಬ ಆಡಿದನು. ಅಫಜಲಪುರದ ಕಡೆಯವನೊಬ್ಬ ಆಡಿದನು. ಮೂರನೆಯವನಾಗಿ ನಮ್ಮ ಜೇವರ್ಗಿಯ ಬಾಲಕನನ್ನು ಎಬ್ಬಿಸಿದೆ. ಮೊದಲು ಒಲ್ಲೆನೆಂದನು. ಆಮೇಲೆ ಹೆಗಲ ಮೇಲೆ ಟವೆಲು ಹಾಕಿಕೊಂಡು, ಗಂಟಲು ಸರಿಪಡಿಸಿಕೊಂಡು, “ನೋಡ್, ನಿಮ್ಮಣ್ಣ ಹ್ಯಾಂಗ ಓದ್ಲತ್ತಾನ! ನೀ ನಾಪಾಸ್ ಆಗಿ ಬಂದು ಮತ್ತ ರೊಟ್ಟಿ ಕೇಳ್ತಿ ಏನಲೇ?” ಎಂದು ಗದರಿದನು. ತರಗತಿಯೆಲ್ಲ ಘೊಳ್ಳೆಂದು ನಕ್ಕಿತು. ಆದರೆ ಈ ನಗೆ ಹಿಂದಿನ ದಿನದ್ದಲ್ಲ. ಅಲ್ಲಿದ್ದ ಪ್ರತಿಯೊಬ್ಬನಿಗೂ ತನ್ನ ಮನೆಯ ಹಿರಿಯರೊಬ್ಬರ ದನಿ ಕೇಳಿಸಿತ್ತು. ಅವನು ಮುಂದುವರಿದು, ಅದೇ ತಂದೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಹೆಂಡತಿಯನ್ನು ಕರೆದು, “ಅಂವಾ ಉಂಡನೇನ?” ಎಂದು ಮೆಲ್ಲಗೆ ಕೇಳುವುದನ್ನೂ ಆಡಿ ತೋರಿಸಿದನು. ಆ ಮಾತನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ತರಗತಿ ನಿಶ್ಶಬ್ದವಾಯಿತು.

ಆ ಮೇಲೆ ಪುಸ್ತಕವನ್ನು ತೆರೆದೆವು. ಹಿಂದೆ ಪರದೇಶದ ಮಾತಿನಂತಿದ್ದ ಸಂಭಾಷಣೆ ಈಗ ಅರ್ಥವಾಗತೊಡಗಿತು. ಅರ್ಥವಾಗದ ಪದಗಳು ಬಂದಾಗ ‘ನಮ್ಮಲ್ಲಿ ಇದಕ್ಕೇನಂತಾರ?’ ಎಂದು ಮಕ್ಕಳೇ ಕೇಳಿಕೊಂಡು ತಮ್ಮೊಳಗೆ ಚರ್ಚಿಸಿದರು. ಮಾಧುವಿನ ಮಾತುಗಳನ್ನು ಆ ಬಾಲಕನೇ ಕೊನೆಯವರೆಗೂ ಓದಿದನು. ಬೆಂಗಳೂರಿನ ರೂಪಗಳನ್ನು ಬೆಂಗಳೂರಿನಂತೆಯೇ ಓದಲು ಕಲಿತನು. ತನ್ನ ಮಾತಿನ ವಿಷಯದಲ್ಲಿ ನಾಚಿಕೆ ಹೋದ ಮೇಲೆ ಇತರರ ಮಾತನ್ನು ಕಲಿಯುವುದು ಅವನಿಗೆ ಕಷ್ಟವಾಗಲಿಲ್ಲ. ರಾಶಿಗೆ ಊರಿಗೆ ಹೋದನು. ಮುಗಿಸಿಕೊಂಡು ಮರಳಿ ಬಂದನು.

ನಮ್ಮ ಭಾಗದಲ್ಲಿ ನಾಟಕದ ಅಭ್ಯಾಸಕ್ಕೆ ತಾಲೀಮು ಎನ್ನುತ್ತಾರಷ್ಟೆ. ಅರಬ್ಬಿಯಿಂದ ಉರ್ದುವಿನ ಮೂಲಕ ಬಂದ ಆ ಮಾತಿನ ಮೂಲಾರ್ಥ ಶಿಕ್ಷಣ. ಕಲಿಸುವುದಕ್ಕೂ ಆಡಿಸುವುದಕ್ಕೂ ನಮ್ಮ ಹಿರಿಯರು ಒಂದೇ ಹೆಸರನ್ನು ಇಟ್ಟುಕೊಂಡರು. ನಗೆನಾಟಕದ ಪಾಠಕ್ರಮವೆಲ್ಲ ಈ ಒಂದು ಪದದಲ್ಲಿ ಅಡಗಿದೆಯೆಂದು ನನ್ನ ನಂಬಿಕೆ. ಅದನ್ನು ವಿವರವಾಗಿ ಹೇಳುವುದಾದರೆ ಹೀಗೆ:

ಮೊದಲನೆಯದಾಗಿ, ನಾಟಕವನ್ನು ಕಣ್ಣಿನಿಂದ ಓದುವ ಮೊದಲು ಕಿವಿಯಿಂದ ಕೇಳಬೇಕು. ಬಾಯಿಂದ ಹುಟ್ಟಿದ ಕೃತಿಯು ಬಾಯಿಗೆ ಬಂದಾಗಲೇ ಜೀವ ತಳೆಯುತ್ತದೆ. ಮಾತಿನ ನಡುವಿನ ತಡೆ, ಏರಿಳಿತ, ಉತ್ತರ ಕೊಡುವ ಮುನ್ನಿನ ಮೌನ ಇವುಗಳಲ್ಲಿಯೇ ನಗೆಯ ಬಹುಭಾಗವಿರುತ್ತದೆ. ಅಚ್ಚಿನ ಹಾಳೆ ಅದನ್ನು ತೋರಿಸಲಾರದು.

ಎರಡನೆಯದಾಗಿ, ನಗೆ 'ಯಾರ ಮೇಲೆ' ಎಂದು ಕೇಳುವುದರೊಂದಿಗೆ 'ಯಾತರ ಮೇಲೆ' ಎಂದೂ ಕೇಳಬೇಕು. ಕೈಲಾಸಂ ಪುಟ್ಟುವಿನ ಓದನ್ನು ಕಂಡು ನಗುವುದಿಲ್ಲ. ಮನೆಯವರನ್ನು ಮರೆಸುವ ಓದನ್ನು ಕಂಡು ನಗುತ್ತಾರೆ. ಈ ಭೇದವನ್ನು ತಿಳಿಯದ ವಿದ್ಯಾರ್ಥಿಯು ‘ಓದದಿದ್ದರೂ ಆದೀತು, ಮಾಧುವಿನಂತಿದ್ದರೆ ಸಾಕು’ ಎಂದು ತಪ್ಪು ಪಾಠವನ್ನು ಕಲಿಯುವ ಅಪಾಯವುಂಟು.

ಮೂರನೆಯದಾಗಿ, ಲಕ್ಷಣವನ್ನು ಲಕ್ಷ್ಯವಾದ ಮೇಲೆ ಹೇಳಬೇಕು. ನಕ್ಕ ಮಗುವಿಗೆ ‘ನೀನೀಗ ನಕ್ಕೆಯಲ್ಲ, ಅದು ಹಸಿತವೋ ಅಪಹಸಿತವೋ?’ ಎಂದು ಕೇಳಿದರೆ ಭರತನ ಮಾತು ಬಾಳಿಗೆ ಹತ್ತುತ್ತದೆ. ನಗುವ ಮೊದಲೇ ಲಕ್ಷಣವನ್ನು ಬರೆಸಿದರೆ ಅದು ಪುಟ್ಟುವಿನ ವಿದ್ಯೆಯೇ ಆದೀತು.

ಕೊನೆಯ ಮಾತು

ಪರೀಕ್ಷೆಗಳು ಬೇಡವೆಂದು ಹೇಳುವುದು ನನ್ನ ಉದ್ದೇಶವಲ್ಲ. ದೂರದ ಹಳ್ಳಿಗಳಿಂದ ಬಂದು ಶ್ರೀಮಠದ ಆಶ್ರಯದಲ್ಲಿ ಓದುವ ಮಕ್ಕಳಿಗೆ ಅಂಕಗಳ ಬೆಲೆಯೇನೆಂಬುದನ್ನು ನಾನು ಬಲ್ಲೆ. ಅವರ ತಂದೆತಾಯಿಗಳು ಎಷ್ಟು ಕಷ್ಟದಿಂದ ಅವರನ್ನು ಹೊಲದಿಂದ ಬಿಡಿಸಿ ಕಳುಹಿಸಿರುವರೆಂಬುದನ್ನೂ ಬಲ್ಲೆ. ಪುಟ್ಟುವಿನ ಅಂಕಗಳೂ ಮಾಧುವಿನ ಅಂತಃಕರಣವೂ ಒಬ್ಬನಲ್ಲಿಯೇ ಇರಬಾರದೆಂದು ಕೈಲಾಸಂ ಎಲ್ಲಿಯೂ ಹೇಳಿಲ್ಲ. ಅವೆರಡನ್ನು ಒಂದುಗೂಡಿಸುವುದೇ ಶಾಲೆಯ ಕರ್ತವ್ಯ.

ಇಂದು ನಮ್ಮ ಮಕ್ಕಳು ವಿದ್ಯೆಗಾಗಿ, ಉದ್ಯೋಗಕ್ಕಾಗಿ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಹೋಗುತ್ತಿದ್ದಾರೆ. ಅಲ್ಲಿ ಅವರ ಮಾತನ್ನು ಕೇಳಿ ನಗುವವರು ಇರಬಹುದು. ಅಂಥ ಸಂದರ್ಭದಲ್ಲಿ ತಲೆತಗ್ಗಿಸದೆ, ಸಿಟ್ಟಿಗೂ ಏಳದೆ, ಆ ನಗೆ ಆರರಲ್ಲಿ ಯಾವುದೆಂದು ಮನಸ್ಸಿನಲ್ಲಿಯೇ ಗುರುತಿಸಿ ತಾವು ಸ್ಮಿತದಲ್ಲಿ ನಿಲ್ಲಬಲ್ಲರಾದರೆ ಅವರು ನಗೆನಾಟಕವನ್ನು ಓದಿದ್ದು ಸಾರ್ಥಕ. ಮೊದಲ ಬಾರಿಗೆ ಇಂಥ ನಾಟಕವೊಂದನ್ನು ಕೈಗೆತ್ತಿಕೊಳ್ಳುವ ಪ್ರಿಯ ವಿದ್ಯಾರ್ಥಿಗಳೇ, ಟಿಪ್ಪಣಿಗಳನ್ನು ಆಮೇಲೆ ನೋಡಿರಿ. ಮೊದಲು ಗೆಳೆಯರನ್ನು ಕೂಡಿಸಿಕೊಂಡು ಗಟ್ಟಿಯಾಗಿ ಓದಿರಿ. ನಿಮ್ಮ ಊರಿನ ದನಿಯಲ್ಲಿಯೇ ಓದಿರಿ. ನಗೆ ತಾನಾಗಿಯೇ ಬರುವುದು. ಅದರ ಬೆನ್ನ ಹಿಂದೆಯೇ ಅರ್ಥವೂ ಬರುವುದು.